ಅಮ್ಮನ ಉಪ್ಪಿನಕಾಯಿ ತಡೆದರು, ಕುಡಿದವನನ್ನು ಬಿಟ್ಟರು. ವಿಮಾನದಲ್ಲಿ, ಏರ್‌ಪೋರ್ಟಲ್ಲಿ ಮದ್ಯ ಬಂದ್ ಆಗಬೇಕಾ?

ಕಾಳಿ_ದಂಡೆ, ಕಾರವಾರ:
ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ಗೋವಾದಿಂದ ದೆಹಲಿಗೆ ಹೋದೆ. ತಂಗಿಗೆ ಮಗು ಆಗಿದೆ. ಅಮ್ಮನಿಗೆ ಎಪ್ಪತ್ತೊಂದು ವರ್ಷ, ವಿಮಾನ ಹತ್ತಿದ್ದು ಇದೇ ಮೊದಲು. ಶಿರಸಿ ಚಿಕ್ಕಮ್ಮ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ಸೆಕ್ಯುರಿಟಿಯಲ್ಲಿ ತೆಗೆಸಿದರು. ಎಣ್ಣೆ ಇದೆ, ಖಾರ ಇದೆ, ಆಗಲ್ಲ ಅಂದರು. ಅಮ್ಮ ಮುಚ್ಚಳ ತೆಗೆದು ಮೂಸಿ ನೋಡಲು ಅವರ ಮೂಗಿನ ಹತ್ತಿರವೇ ಹಿಡಿದರು. "ಜೀರಿಗೆ ಮಿಡಿ ತಮ್ಮಾ, ಈ ವರ್ಷದ್ದು" ಅಂತ ಕನ್ನಡದಲ್ಲೇ ಹೇಳುತ್ತಿದ್ದರು. ಆ ಹುಡುಗನಿಗೆ ಎಂತ ಅರ್ಥ ಆಗಬೇಕು? ಬಾಟಲಿ ಕಸದ ಡಬ್ಬಿಗೆ ಹೋಯಿತು.

ಅದಕ್ಕೆ ನನ್ನ ತಕರಾರಿಲ್ಲ. ರೂಲ್ಸು ರೂಲ್ಸೇ. ಆದರೆ ಗೇಟಿನ ಹತ್ತಿರ ನಾಲ್ಕು ಜನ ಬಂದರು. ಬೆಳಿಗ್ಗೆ ಹನ್ನೊಂದು ಗಂಟೆ. ಒಬ್ಬನಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಆಚೆ ಈಚೆ ಇಬ್ಬರು ಭುಜ ಕೊಟ್ಟು ನಿಲ್ಲಿಸಿಕೊಂಡಿದ್ದರು. ಬೋರ್ಡಿಂಗ್ ಪಾಸ್ ಮಷಿನ್ನಿಗೆ ತಾಗಿಸಿದರು, ಬೀಪ್ ಅಂತು, ಒಳಗೆ. ಸೀದಾ ನಮ್ಮ ಹಿಂದಿನ ಸೀಟು. ಅರ್ಧ ಗಂಟೆ ಹಾಡು, ಸೀಟಿಗೆ ಒದೆ. ಆಮೇಲೆ ಎರಡು ಸೀಟಿನ ಸಂದಿಯಲ್ಲಿ ವಾಂತಿ. ಅಮ್ಮನ ಚೀಲಕ್ಕೂ ಸೀರೆಯ ಅಂಚಿಗೂ ಸಿಡಿಯಿತು. ಟಿಶ್ಯೂ ಕೊಟ್ಟರು, ಎಂತದೋ ಪೌಡರ್ ಹಾಕಿದರು. ಬೇರೆ ಸೀಟು ಖಾಲಿ ಇರಲಿಲ್ಲ. ಅಮ್ಮ ಎರಡು ಗಂಟೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಕೂತರು.

ಇಳಿಯುವಾಗ ಅವನು ಅಮ್ಮನಿಗೆ ಕೈಮುಗಿದ. ಅಮ್ಮ "ಹೋಗ್ಲಿ ಬಿಡು, ಯಾರ ಮನೆ ಮಗನೋ" ಅಂದರು. ನನಗೆ ಬಿಡಲು ಆಗುತ್ತಿಲ್ಲ. ಏರ್‌ಪೋರ್ಟಲ್ಲಿ ಬಾರ್ ಯಾಕೆ ಬೇಕು? ವಿಮಾನದಲ್ಲಿ ಮದ್ಯ ಯಾಕೆ ಬೇಕು? ಪೂರ್ತಿ ಬಂದ್ ಮಾಡಿದರೆ ಯಾರಿಗೆ ಎಂತ ನಷ್ಟ? ಕಂಪನಿ ಹೆಸರು, ಏರ್‌ಪೋರ್ಟ್ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ.

ಕುಮಟಾ_ಮಾಸ್ತರ್:
ಬಂದ್ ಆಗಲೇಬೇಕು. ಇದರಲ್ಲಿ ಚರ್ಚೆಗೆ ಏನಿದೆ? 2022ರ ನವೆಂಬರ್ 26ರಂದು ಏರ್ ಇಂಡಿಯಾದ ನ್ಯೂಯಾರ್ಕ್–ದೆಹಲಿ ವಿಮಾನದಲ್ಲಿ ಕುಡಿದವನೊಬ್ಬ ವಯಸ್ಸಾದ ಹೆಂಗಸಿನ ಮೇಲೆ ಮೂತ್ರ ಮಾಡಿದ್ದು ನೆನಪಿದೆಯಲ್ಲ? ಅದೂ ಬಿಸಿನೆಸ್ ಕ್ಲಾಸಿನಲ್ಲಿ. ಸುದ್ದಿ ಹೊರಗೆ ಬಂದದ್ದು ಜನವರಿಯಲ್ಲಿ. ಆಮೇಲೆ ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕಂಪನಿಗೆ 30 ಲಕ್ಷ ದಂಡ ಹಾಕಿತು, ಪೈಲಟ್ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿತು. ಕುಡಿಸಿದ್ದೂ ಅವರೇ, ದಂಡ ಕಟ್ಟಿದ್ದೂ ಅವರೇ. ಮೊದಲೇ ಕೊಡದಿದ್ದರೆ ಆಗುತ್ತಿರಲಿಲ್ಲವಾ?

ಆಗುವುದಿಲ್ಲ, ಹೋಗುವುದಿಲ್ಲ ಅನ್ನುವವರಿಗೆ ಒಂದು ಮಾತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದಕ್ಕೂ ಮೊದಲು ಎಲ್ಲರೂ ಹೀಗೇ ಹೇಳುತ್ತಿದ್ದರು. ನಿಂತಿತಲ್ಲ?

ಗೋಕರ್ಣ_ಹೋಮ್‌ಸ್ಟೇ:
ಮಾಸ್ತ್ರೇ, ಸಾರಾಯಿ ನಿಂತಿತು. ಕುಡಿಯುವುದು ನಿಂತಿತಾ? ಅದೇ ಜನ ಬ್ರಾಂಡಿ ಅಂಗಡಿಗೆ ಹೋದರು. ನಮ್ಮ ಜಿಲ್ಲೆಯವರಿಗೆ ಇದನ್ನು ಯಾರಾದರೂ ಹೇಳಿಕೊಡಬೇಕಾ? ಗೋವಾ ಗಡಿಯ ಮಾಜಾಳಿಯಲ್ಲಿ ತಪಾಸಣೆ ನಾಕಾ ಇದೆ, ಅನಮೋಡದಲ್ಲಿ ನಾಕಾ ಇದೆ. ಆದರೂ ಗೋವಾ ಮಾಲು ಮೀನಿನ ಐಸ್ ಕೆಳಗೆ, ರೈಲಿನ ಸೀಟಿನ ಕೆಳಗೆ ಬರುತ್ತಲೇ ಇದೆ. ವಾರಕ್ಕೊಂದು ಸಲ ಪೇಪರಲ್ಲಿ ಫೋಟೋ ನೋಡುತ್ತೇವೆ, ಬಾಟಲಿ ಜೋಡಿಸಿಟ್ಟು ಹಿಂದೆ ಅಬಕಾರಿಯವರು ನಿಂತಿರುತ್ತಾರೆ.

ನಾನು ವಿಮಾನ ಹತ್ತುವ ಮೊದಲು ಒಂದು ಬಿಯರ್ ಕುಡಿಯುತ್ತೇನೆ. ಹೆದರಿಕೆಗೆ. ಯಾರಿಗೂ ಒದೆದಿಲ್ಲ, ಯಾರ ಮೇಲೂ ವಾಂತಿ ಮಾಡಿಲ್ಲ. ಯಕ್ಷಗಾನದ ಆಟಕ್ಕೆ ಬಂದವರಲ್ಲಿ ಒಬ್ಬ ಕುಡಿದು ಗಲಾಟೆ ಮಾಡಿದ ಅಂತ ಆಟವನ್ನೇ ನಿಲ್ಲಿಸುತ್ತಾರಾ? ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಮಾತು ಇದು.

ಕುಮಟಾ_ಮಾಸ್ತರ್:
ಆಟದ ಗದ್ದೆಯಿಂದ ಎದ್ದು ಮನೆಗೆ ಹೋಗಬಹುದು ಮಾರಾಯ. ಮೂವತ್ತೈದು ಸಾವಿರ ಅಡಿ ಮೇಲಿಂದ ಎಲ್ಲಿಗೆ ಹೋಗುವುದು?

ಕದ್ರಾ_ಡ್ಯಾಂ:
ಹೆದರಿಕೆಗೆ ಒಂದು ಬಿಯರ್ ಅಂತೆ. ಇಳಿದ ಮೇಲೆ ಖುಷಿಗೆ ಎಷ್ಟೋ 😄

ಶಾಲ್ಮಲಾ, ಶಿರಸಿ:
ನಾನು ನಾಲ್ಕು ವರ್ಷ ಒಂದು ದೊಡ್ಡ ಏರ್‌ಪೋರ್ಟಲ್ಲಿ ಗ್ರೌಂಡ್ ಸ್ಟಾಫ್ ಆಗಿದ್ದೆ. ಈಗ ಊರಲ್ಲೇ ಇದ್ದೇನೆ. ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ದೇಶದೊಳಗೆ ಹಾರುವ ವಿಮಾನಗಳಲ್ಲಿ ಮದ್ಯ ಕೊಡುವುದೇ ಇಲ್ಲ. ಗೋವಾ–ದೆಹಲಿ ಇರಲಿ, ಹುಬ್ಬಳ್ಳಿ–ಬೆಂಗಳೂರು ಇರಲಿ. ಕೊಡುವುದು ಹೊರದೇಶಕ್ಕೆ ಹೋಗುವ ವಿಮಾನಗಳಲ್ಲಿ ಮಾತ್ರ. ಅಂದರೆ ಕಾಳಿ ದಂಡೆಯವರು ಕೂತಿದ್ದ ವಿಮಾನದಲ್ಲಿ ನೀವು ಕೇಳುವ ನಿಷೇಧ ಆಗಲೇ ಇತ್ತು. ಆ ಮನುಷ್ಯ ಕುಡಿದೇ ಹತ್ತಿದ್ದ. ಬಾರ್‌ನಲ್ಲಿ ಕುಡಿದನೋ, ರೂಮಿನಲ್ಲಿ ಕುಡಿದನೋ, ಟ್ಯಾಕ್ಸಿಯಲ್ಲಿ ಕುಡಿದನೋ ಗೊತ್ತಿಲ್ಲ. ಗೋವಾ ಅಂದ ಮೇಲೆ ಏರ್‌ಪೋರ್ಟ್ ಬಾರ್ ಒಂದನ್ನೇ ಬೈದು ಏನು ಪ್ರಯೋಜನ?

ಕೇಳಬೇಕಾದ ಪ್ರಶ್ನೆ ಬೇರೆ. ಗೇಟಿನಲ್ಲಿ ಅವನನ್ನು ಯಾಕೆ ತಡೆಯಲಿಲ್ಲ?

ಕಾಳಿ_ದಂಡೆ, ಕಾರವಾರ:
ಅದನ್ನೇ ಹೇಳಿ. ಯಾಕೆ ತಡೆಯಲ್ಲ? ಅಲ್ಲಿದ್ದ ಹುಡುಗಿ ಅವನ ಮುಖ ನೋಡಿ ನಕ್ಕಳು, ನಾನೇ ನೋಡಿದ್ದೇನೆ.

ಶಾಲ್ಮಲಾ, ಶಿರಸಿ:
ಆ ನಗು ನನಗೆ ಗೊತ್ತು. ನಾನೂ ನಕ್ಕಿದ್ದೇನೆ.

ಹೇಗೆ ನಡೆಯುತ್ತದೆ ಹೇಳುತ್ತೇನೆ. ಬೋರ್ಡಿಂಗ್ ಶುರುವಾದ ಮೇಲೆ ಒಬ್ಬರಿಗೆ ನಾಲ್ಕೈದು ಸೆಕೆಂಡು. ಪಾಸ್, ಮುಖ, ಮುಂದೆ. ಕುಡಿದವರು ದಡ್ಡರಲ್ಲ. ಆ ಐದು ಸೆಕೆಂಡು ಉಸಿರು ಬಿಗಿಹಿಡಿದು ನೆಟ್ಟಗೆ ನಿಲ್ಲುತ್ತಾರೆ. ಜೊತೆಗಿದ್ದವರು ಮಾತಾಡುತ್ತಾರೆ. ಆದರೂ ಗೊತ್ತಾಗುತ್ತದೆ. ಗೊತ್ತಾದ ಮೇಲೆ?

ಹತ್ತಿಸುವುದಿಲ್ಲ ಅನ್ನುವ ಅಧಿಕಾರ ಕಂಪನಿಗೆ ಇದೆ. ಆದರೆ ಅವನನ್ನು ಬಿಟ್ಟರೆ ಅವನ ಚೆಕ್-ಇನ್ ಬ್ಯಾಗನ್ನೂ ವಿಮಾನದ ಹೊಟ್ಟೆಯಿಂದ ಇಳಿಸಬೇಕು. ಆಳಿಲ್ಲದೆ ಬ್ಯಾಗ್ ಹಾರುವಂತಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟವಾಗಿ 329 ಜನ ಸತ್ತರು. ಬಾಂಬ್ ಇದ್ದ ಬ್ಯಾಗ್ ಹತ್ತಿತ್ತು, ಬ್ಯಾಗಿನ ಮಾಲೀಕ ಹತ್ತಿರಲಿಲ್ಲ. ಹಾಗಾಗಿ ಈ ವಿಷಯದಲ್ಲಿ ಸಡಿಲ ಇಲ್ಲ. ಕಂಟೇನರ್ ತೆಗೆದು, ನೂರಾರು ಬ್ಯಾಗಿನಲ್ಲಿ ಅವನದ್ದನ್ನು ಹುಡುಕಬೇಕು. ವಿಮಾನ ತಡ. ತಡವಾದದ್ದು ಯಾರಿಂದ ಅಂತ ಬರೆಯಬೇಕು. ಆ ಜಾಗದಲ್ಲಿ ಗೇಟಿನ ಹುಡುಗಿಯ ಹೆಸರು ಬರುತ್ತದೆ. ಮೇಲಿಂದ ಫೋನು ಬರುತ್ತದೆ: "ಅಷ್ಟೊಂದು ಕುಡಿದಿದ್ದನಾ? ನೀನು ಹೇಗೆ ಹೇಳ್ತೀಯ? ಊದಿಸಿದ್ದೀಯಾ?"

ಊದಿಸುವ ಮಷಿನ್ ನಮ್ಮ ಕೈಯಲ್ಲಿ ಇರಲಿಲ್ಲ. ಅದು ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿಗೆ. ಅವರು ಹಾರುವ 12 ಗಂಟೆ ಮೊದಲಿಂದ ಮುಟ್ಟುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು ಅಮಾನತು, ಎರಡನೇ ಸಲ ಮೂರು ವರ್ಷ, ಮೂರನೇ ಸಲ ಲೈಸೆನ್ಸೇ ರದ್ದು. ಮದ್ಯದ ಅಂಶ ಇರುವ ಮೌತ್‌ವಾಶ್ ಕೂಡ ಬಳಸುವಂತಿಲ್ಲ ಅಂತ 2023ರಲ್ಲಿ ಬಂತು. ಹಿಂದೆ ಕೂತವರಿಗೆ ಮಾತ್ರ ಏನೂ ಇಲ್ಲ.

ನಾನು ಒಂದೇ ಒಂದು ಸಲ ತಡೆದಿದ್ದೆ. ಅವನು ನನ್ನ ಬ್ಯಾಡ್ಜಿನ ಫೋಟೋ ತೆಗೆದುಕೊಂಡು, ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದು, ಇನ್ನೊಂದು ಕೌಂಟರಿನಿಂದ ಹತ್ತಿದ.

ಘಟ್ಟದ_ಕಂಡಕ್ಟರ್:
ತಂಗೀ, ನಿನ್ನ ಕಷ್ಟ ನನಗೆ ಅರ್ಥ ಆಯಿತು. ನಾನು ವಿಮಾನ ಹತ್ತಿದವನಲ್ಲ. ಇಪ್ಪತ್ತೆರಡು ವರ್ಷ ಸಾರಿಗೆ ಬಸ್ಸಿನಲ್ಲಿದ್ದೇನೆ. ಕಾರವಾರ–ಹುಬ್ಬಳ್ಳಿ ರಾತ್ರಿ ಗಾಡಿ ಜಾಸ್ತಿ ಮಾಡಿದ್ದೇನೆ. ಅದರಲ್ಲಿ ಗೋವಾ ಕಡೆಯಿಂದ ಬಂದು ಬಸ್ ಬದಲಿಸುವವರು ಇರುತ್ತಾರೆ, ಗೊತ್ತಲ್ಲ.

ನಾನು ಬಾಗಿಲಲ್ಲೇ ನೋಡುತ್ತೇನೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವ ರೀತಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಪೂರ್ತಿ ಗೊತ್ತಾಗಬೇಕಾದರೆ ಚಿಲ್ಲರೆ ಕೇಳುತ್ತೇನೆ. "ಐದು ರೂಪಾಯಿ ಚಿಲ್ಲರೆ ಕೊಡಿ" ಅಂದರೆ ಸರಿ ಇದ್ದವನು ಕಿಸೆಯಲ್ಲೇ ಬೆರಳಾಡಿಸಿ ತೆಗೆದು ಕೊಡುತ್ತಾನೆ. ಕುಡಿದವನು ಕಿಸೆಯಲ್ಲಿ ಇದ್ದದ್ದೆಲ್ಲ ತೆಗೆದು ಅಂಗೈಯಲ್ಲಿ ಹಿಡಿದು "ನೀವೇ ತಗೊಳ್ಳಿ ಅಣ್ಣ" ಅನ್ನುತ್ತಾನೆ. ಬೀಡಿ, ಕೀ, ನೋಟು ಎಲ್ಲ ಅದರಲ್ಲೇ. ಈಗ ಫೋನಿನಲ್ಲಿ ದುಡ್ಡು ಕೊಡುತ್ತಾರೆ, ನನ್ನ ಪರೀಕ್ಷೆ ಹಾಳಾಯಿತು. ಆದರೆ ಪಿನ್ ಒತ್ತುವಾಗ ಮೂರು ಸಲ ತಪ್ಪಿದರೆ ಅದೂ ಒಂದು ಲೆಕ್ಕವೇ.

ಸ್ವಲ್ಪ ಕುಡಿದವನಾದರೆ ನನ್ನ ಸೀಟಿನ ಹತ್ತಿರ, ಬಾಗಿಲ ಪಕ್ಕ ಕೂರಿಸುತ್ತೇನೆ. ಹೆಂಗಸರ ಸೀಟಿನಿಂದ ದೂರ. ಜಾಸ್ತಿಯಾದರೆ ಹತ್ತಿಸುವುದೇ ಇಲ್ಲ, ಬೆಳಗಿನ ಗಾಡಿಗೆ ಬಾ ಅನ್ನುತ್ತೇನೆ. ಬೈಗುಳ ತಿಂದಿದ್ದೇನೆ. ಒಮ್ಮೆ ಅಂದಾಜು ತಪ್ಪಿತು. ಅಂಕೋಲಾ ದಾಟುವ ತನಕ ಸುಮ್ಮನಿದ್ದವನು ಅರಬೈಲ್ ಘಟ್ಟದಲ್ಲಿ ಎದ್ದು ಡ್ರೈವರ್ ಹತ್ತಿರ ಹೋಗಿ ಸ್ಟೇರಿಂಗಿಗೆ ಕೈ ಹಾಕಲು ನೋಡಿದ. ಒಂದು ಕಡೆ ಗುಡ್ಡ, ಒಂದು ಕಡೆ ಕಂದರ. ಘಟ್ಟದಲ್ಲಿ ಇಳಿಸಲು ಆಗುವುದಿಲ್ಲ, ಲಾರಿ ಬಡಿದು ಸಾಯುತ್ತಾನೆ. ನಾಲ್ಕು ಜನ ಹಿಡಿದು ಕೂರಿಸಿದೆವು. ಯಲ್ಲಾಪುರದಲ್ಲಿ ಪೊಲೀಸರಿಗೆ ಒಪ್ಪಿಸಿದೆವು. ಗಾಡಿ ಮುಕ್ಕಾಲು ಗಂಟೆ ಲೇಟ್. ಅಷ್ಟು ಹೊತ್ತು ಹೆದರಿ ಕೂತಿದ್ದವರೇ ಆಮೇಲೆ ನನಗೆ ಬೈದರು, ಬೇಗ ಬಿಡಿ ಅಂತ. ಹೇಳಿಕೆ ಕೊಡಲು ಒಬ್ಬರೂ ಇಳಿಯಲಿಲ್ಲ.

ವಿಮಾನ ಅಂದರೆ ಪೂರ್ತಿ ದಾರಿ ಅರಬೈಲ್ ಘಟ್ಟ ಇದ್ದ ಹಾಗೆ. ಬಾಗಿಲಲ್ಲಿ ತಡೆದರೆ ಮಾತ್ರ ಉಂಟು.

ಕಾಳಿ_ದಂಡೆ, ಕಾರವಾರ:
ಕಂಡಕ್ಟರ್ ಮಾಮ, ಇದನ್ನು ಡಿಜಿಸಿಎಗೆ ಕಳಿಸಬೇಕು.

ಗೋಕರ್ಣ_ಹೋಮ್‌ಸ್ಟೇ:
ಮಾಮ ಹೇಳಿದ್ದಕ್ಕೆ ನಾನು ಕೈ ಎತ್ತುತ್ತೇನೆ. ಅವರು ಬಸ್‌ಸ್ಟ್ಯಾಂಡ್ ಪಕ್ಕದ ಬಾರ್ ಮುಚ್ಚಿ ಅನ್ನಲಿಲ್ಲ, ಕುಡಿದವನನ್ನು ತಡೆಯಿರಿ ಅಂದರು. ನಾನು ಹೇಳುತ್ತಿದ್ದದ್ದೂ ಅದೇ.

ಮತ್ತೆ ಲೆಕ್ಕವೂ ನೋಡಿ. ವಿಮಾನ ಕಂಪನಿಗಳ ಸಂಘ ಐಯಾಟಾ ಕೊಟ್ಟ ಅಂಕಿಯಲ್ಲಿ 2023ರಲ್ಲಿ 480 ಹಾರಾಟಕ್ಕೆ ಒಂದು ಪ್ರಯಾಣಿಕರ ಗಲಾಟೆ. ಅದರಲ್ಲಿ ಬೆಲ್ಟ್ ಹಾಕದವರು, ಸಿಗರೇಟು ಸೇದಿದವರು, ಸುಮ್ನೆ ಬೈದವರು ಎಲ್ಲ ಸೇರಿದ್ದಾರೆ. ಕುಡಿದವರು ಅದರಲ್ಲಿ ಒಂದು ಪಾಲು ಅಷ್ಟೇ.

ಕುಮಟಾ_ಮಾಸ್ತರ್:
ಅದಕ್ಕೂ ಹಿಂದಿನ ವರ್ಷ 568ಕ್ಕೆ ಒಂದು ಇತ್ತು. ಅದನ್ನು ಬಿಟ್ಟುಬಿಟ್ಟಿರಿ. ಜಾಸ್ತಿ ಆಗುತ್ತಿದೆ ಅಂತ ಆಯಿತಲ್ಲ.

ಘಟ್ಟದ_ಕಂಡಕ್ಟರ್:
480 ಟ್ರಿಪ್ಪಿಗೆ ಒಂದೇ ಗಲಾಟೆ ಆದರೆ ನಾನು ಮಾರಿಕಾಂಬೆಗೆ ಹೋಗಿ ಕಾಯಿ ಒಡೆಸಿ ಬರುತ್ತೇನೆ.

ಭಟ್ಕಳದವ_ದುಬೈಯಲ್ಲಿ:
ಹದಿನಾರು ವರ್ಷದಿಂದ ಊರು–ಗಲ್ಫ್ ಓಡಾಡುತ್ತಿದ್ದೇನೆ. ನನ್ನ ಅನುಭವ ಸ್ವಲ್ಪ ಬೇರೆ. ಸೌದಿಯಾ, ಕುವೈತ್ ಏರ್‌ವೇಸ್, ಶಾರ್ಜಾದ ಏರ್ ಅರೇಬಿಯಾ, ಇವುಗಳಲ್ಲಿ ಮದ್ಯ ಕೊಡುವುದಿಲ್ಲ. ಹಾಗಂತ ಆ ಕಂಪನಿಗಳು ಮುಚ್ಚಿಹೋಗಿಲ್ಲ. ವಿಮಾನ ತುಂಬಿ ಹೋಗುತ್ತವೆ. ಜನ ಬಿರಿಯಾನಿ ತಿಂದು ಮಲಗುತ್ತಾರೆ. ಮಕ್ಕಳು ಅಳುತ್ತವೆ, ಅದೇ ದೊಡ್ಡ ಗಲಾಟೆ. ಹಾಗಾಗಿ ವಿಮಾನದೊಳಗೆ ಕೊಡದಿದ್ದರೆ ಆಕಾಶ ಕಳಚಿ ಬೀಳುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಇನ್ನೊಂದು ಸತ್ಯವೂ ಹೇಳಬೇಕು. ಕೊಡುವ ಕಂಪನಿಗಳಲ್ಲೂ ಎಷ್ಟೋ ಸಲ ಹೋಗಿದ್ದೇನೆ. ಹತ್ತು ಸಲದಲ್ಲಿ ಒಂಬತ್ತು ಸಲ ಏನೂ ಆಗಿಲ್ಲ. ಗಲಾಟೆ ಮಾಡಿದವರು ಹೆಚ್ಚಾಗಿ ಎರಡು ವರ್ಷಕ್ಕೆ ಒಂದು ಸಲ ಊರಿಗೆ ಹೊರಟ ಹುಡುಗರು. ಕೆಲಸಗಾರರ ಕ್ಯಾಂಪಿನಲ್ಲಿ ಒಂದು ತೊಟ್ಟು ಇಲ್ಲ, ವಿಮಾನದಲ್ಲಿ ಪುಕ್ಕಟೆ. ಟ್ರಾಲಿ ಬರುವ ಮೊದಲೇ ಕೈ ಎತ್ತುತ್ತಾರೆ. ಒಬ್ಬ ಮಂಗಳೂರಿಗೆ ಇಳಿಯುವಾಗ ಅಳುತ್ತಿದ್ದ. ತಂದೆ ತೀರಿಕೊಂಡು ಮೂರು ದಿನ ಆಗಿತ್ತು, ರಜೆ ಸಿಕ್ಕಿದ್ದು ಅವತ್ತು. ಸೀಟಿಗೆ ಒದ್ದದ್ದು ಅವನೇ. ಅವನಿಗೆ ಏನು ಹೇಳಲಿ ನಾನು?

ಹೊನ್ನಾವರ_ಸಿಸ್ಟರ್:
ನಾನು ನರ್ಸ್. ಗಲಾಟೆ ಒಂದು ಕಡೆ ಇರಲಿ, ಕುಡಿದು ಸುಮ್ಮನೆ ಮಲಗುವವರ ಬಗ್ಗೆ ಸ್ವಲ್ಪ ಹೇಳುತ್ತೇನೆ.

ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ನಿಂತ ಹಾಗೆ ಇರುತ್ತದೆ. ಅಂದರೆ ಕಡಿಮೆ ಅಂದರೂ ಮುಳ್ಳಯ್ಯನಗಿರಿಯ ತುದಿ, ಜಾಸ್ತಿ ಅಂದರೆ ಊಟಿಯ ದೊಡ್ಡಬೆಟ್ಟಕ್ಕೆ ಸ್ವಲ್ಪ ಕೆಳಗೆ. ಕರಾವಳಿಯ ನಾವು ಸಮುದ್ರ ಮಟ್ಟದಲ್ಲಿ ಹುಟ್ಟಿ ಬೆಳೆದವರು, ಒಮ್ಮೆಲೇ ಅಲ್ಲಿಗೆ ಹೋಗುತ್ತೇವೆ. ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಇಳಿಯುತ್ತದೆ. ಆರೋಗ್ಯವಂತರಿಗೆ ತೊಂದರೆ ಇಲ್ಲ.

2024ರಲ್ಲಿ ಜರ್ಮನಿಯ ಬಾಹ್ಯಾಕಾಶ ಕೇಂದ್ರದವರು ಇದನ್ನು ಪರೀಕ್ಷೆ ಮಾಡಿ ಥೊರಾಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 48 ಜನ, ಎಲ್ಲರೂ 18ರಿಂದ 40 ವರ್ಷದೊಳಗಿನವರು, ಗಟ್ಟಿಮುಟ್ಟಾದವರು. ಅರ್ಧ ಜನರನ್ನು ನೆಲದ ಒತ್ತಡದಲ್ಲಿ, ಅರ್ಧ ಜನರನ್ನು ವಿಮಾನದ ಒತ್ತಡದಲ್ಲಿ ಮಲಗಿಸಿದರು. ಒಂದು ರಾತ್ರಿ ಕುಡಿಸಿ, ಒಂದು ರಾತ್ರಿ ಕುಡಿಸದೆ. ಕುಡಿಸಿದ್ದು ಎರಡು ಕ್ಯಾನ್ ಬಿಯರಿನಷ್ಟು. ನೆಲದಲ್ಲಿ ಕುಡಿಯದೆ ಮಲಗಿದವರ ಆಮ್ಲಜನಕ ಸುಮಾರು 96 ಶೇಕಡಾ, ನಾಡಿಬಡಿತ 64. ವಿಮಾನದ ಒತ್ತಡದಲ್ಲಿ ಕುಡಿದು ಮಲಗಿದವರ ಆಮ್ಲಜನಕ 85, ನಾಡಿಬಡಿತ 88. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಮಷಿನ್ ಎಲ್ಲರ ಮನೆಯಲ್ಲೂ ಇತ್ತಲ್ಲ, ಅದರಲ್ಲಿ 85 ಕಂಡಿದ್ದರೆ ಎಷ್ಟು ಹೆದರುತ್ತಿದ್ದಿರಿ ನೆನಪು ಮಾಡಿಕೊಳ್ಳಿ.

ಇದು ಹುಡುಗರ ಕತೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಕುಡಿದು ನಿದ್ದೆ ಮಾಡಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. "ಪಾಪ, ಸುಮ್ಮನೆ ಮಲಗಿದ್ದಾರೆ" ಅಂದುಕೊಳ್ಳುತ್ತಾರೆ. ಹಾಗಾಗಿ ದೂರದ ವಿಮಾನದಲ್ಲಿ ಕೊಡುವುದನ್ನು ನಿಲ್ಲಿಸಿದರೆ ನನಗೆ ಸಂತೋಷವೇ.

ಗೋಕರ್ಣ_ಹೋಮ್‌ಸ್ಟೇ:
ಸಿಸ್ಟರ್, ಹೆದರಿಸಿಬಿಟ್ಟಿರಿ. ಗೋವಾ–ದೆಹಲಿ ಎರಡೂವರೆ ಗಂಟೆಗೂ ಇದು ಲೆಕ್ಕಕ್ಕೆ ಬರುತ್ತದಾ?

ಹೊನ್ನಾವರ_ಸಿಸ್ಟರ್:
ಅವರು ಅಳೆದದ್ದು ನಾಲ್ಕು ಗಂಟೆ ನಿದ್ದೆ. ನಿಮ್ಮ ಒಂದು ಬಿಯರಿಗೆ ನಾನು ಅಡ್ಡ ಬರುವುದಿಲ್ಲ. ಹೆದರಿಕೆಗೆ ಬೇರೆ ಔಷಧಿ ಇದೆ, ಆಸ್ಪತ್ರೆಗೆ ಬನ್ನಿ.

ಅಂಕೋಲಾ_ಶಿಪ್ಪಿ:
ಮರ್ಚಂಟ್ ನೇವಿಯಲ್ಲಿ ಇದ್ದೇನೆ, ಟ್ಯಾಂಕರ್. ನಮ್ಮ ಹಡಗು ಪೂರ್ತಿ ಡ್ರೈ. ಆರು ತಿಂಗಳು ಒಂದು ಹನಿ ಇಲ್ಲ. ಇದು ಸಾಧ್ಯವಾ ಅಂತ ಕೇಳುವವರಿಗೆ, ಸಾಧ್ಯ.

1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಟ್ಯಾಂಕರ್ ಬಂಡೆಗೆ ಬಡಿದು ಸಮುದ್ರಕ್ಕೆಲ್ಲ ಎಣ್ಣೆ ಹರಿಯಿತು. ಕ್ಯಾಪ್ಟನ್ ಕುಡಿದಿದ್ದ ಅನ್ನುವ ಆರೋಪ ಬಂತು. ಕೋರ್ಟಲ್ಲಿ ಆ ಆರೋಪ ನಿಲ್ಲಲಿಲ್ಲ, ಆದರೆ ಆಮೇಲೆ ಎಣ್ಣೆ ಕಂಪನಿಗಳು ಬಿಗಿಯಾದವು. ಅಂತರರಾಷ್ಟ್ರೀಯ ನಿಯಮದಲ್ಲಿ ರಕ್ತದಲ್ಲಿ 0.05 ಶೇಕಡಾ ಮಿತಿ ಇದೆ, ನಮ್ಮಂಥ ಕಂಪನಿಗಳಲ್ಲಿ ಸೊನ್ನೆ. ಯಾವಾಗ ಬೇಕಾದರೂ ಊದಿಸುತ್ತಾರೆ. ನಮ್ಮ ಜೊತೆ ಜಾಯಿನ್ ಆಗಲು ಬಂದ ಒಬ್ಬ ವಿಮಾನದಲ್ಲಿ ಪುಕ್ಕಟೆ ಸಿಕ್ಕಿತು ಅಂತ ಏರಿಸಿಕೊಂಡು ಇಳಿದ. ಹಡಗಿಗೆ ಹತ್ತುವ ಏಣಿ, ಗ್ಯಾಂಗ್‌ವೇ, ಹತ್ತಿದ ತಕ್ಷಣ ಊದಿಸಿದರು. ಬ್ಯಾಗ್ ಬಿಚ್ಚಲೇ ಇಲ್ಲ, ಮರುದಿನದ ವಿಮಾನಕ್ಕೆ ವಾಪಸ್. ಮನೆಯಲ್ಲಿ ಸಾಲ ಮಾಡಿ ಕೋರ್ಸ್ ಮಾಡಿದ್ದ ಹುಡುಗ.

ಇದನ್ನು ಯಾಕೆ ಹೇಳಿದೆ ಅಂದರೆ, ಹಡಗಿನಲ್ಲಿ ನಿಷೇಧ ನಡೆಯುವುದು ಎರಡು ಕಾರಣಕ್ಕೆ. ಹತ್ತುವ ದಾರಿ ಒಂದೇ. ಹತ್ತುವವರೆಲ್ಲ ಸಂಬಳದವರು. ವಿಮಾನದ ಪ್ರಯಾಣಿಕ ದುಡ್ಡು ಕೊಟ್ಟು ಬಂದವನು, ಅವನ ನೌಕರಿ ಕಿತ್ತುಕೊಳ್ಳಲು ಆಗುವುದಿಲ್ಲ. ಹಾಗಾಗಿ ಮಾಸ್ತ್ರೇ, ಬರೀ ಬೋರ್ಡು ಹಾಕಿದರೆ ಆಗುವುದಿಲ್ಲ. ಊದಿಸುವವನು ಇರಬೇಕು, ಅವನು ಬೇಡ ಅಂದರೆ ಅವನ ಬೆನ್ನಿಗೆ ಕಂಪನಿ ನಿಲ್ಲಬೇಕು. ನಮ್ಮಲ್ಲಿ ಚೀಫ್ ಆಫೀಸರ್ ಬೇಡ ಅಂದರೆ ಮಾಲೀಕನೂ ಬೇಕು ಅನ್ನುವುದಿಲ್ಲ.

ಕುಮಟಾ_ಮಾಸ್ತರ್:
ಹಾಗಾದರೆ ಪ್ರಯಾಣಿಕರಿಗೂ ಊದಿಸಲಿ.

ಗೋಕರ್ಣ_ಹೋಮ್‌ಸ್ಟೇ:
180 ಜನರಿಗೂ? ಮಕ್ಕಳಿಗೆ, ಅಜ್ಜಂದಿರಿಗೆ, ಕಾಳಿ ದಂಡೆಯವರ ಅಮ್ಮನಿಗೂ? ಬೆಳಗಿನ ವಿಮಾನ ಸಂಜೆ ಹೊರಡುತ್ತದೆ.

ಶಾಲ್ಮಲಾ, ಶಿರಸಿ:
ಎಲ್ಲರಿಗೂ ಬೇಡ. ಅನುಮಾನ ಬಂದವರಿಗೆ ಮಾತ್ರ. ಕಂಡಕ್ಟರ್ ಅಣ್ಣ ಚಿಲ್ಲರೆ ಕೇಳಿದ ಹಾಗೆ. ನಾವು ಗೇಟಿನವರು ಒಬ್ಬೊಬ್ಬರೂ ದಿನಕ್ಕೆ ನೂರಾರು ಮುಖ ನೋಡುತ್ತೇವೆ, ಕಣ್ಣು ಪಳಗಿರುತ್ತದೆ. ಬೇಕಾದದ್ದು ಕೈಯಲ್ಲಿ ಒಂದು ಮಷಿನ್, ತಡ ಆದರೆ ನನ್ನ ಹೆಸರು ಬರೆಯದ ಒಬ್ಬ ಮೇಲಿನವರು.

ಬಾರ್ ಬಗ್ಗೆ ಹೇಳುವುದಾದರೆ, ರಯಾನ್‌ಏರ್ ಕಂಪನಿಯ ಮುಖ್ಯಸ್ಥ ಮೈಕೆಲ್ ಓ'ಲಿಯರಿ 2024ರಲ್ಲಿ ಒಂದು ಸಲಹೆ ಕೊಟ್ಟಿದ್ದರು. ಏರ್‌ಪೋರ್ಟ್ ಬಾರುಗಳಲ್ಲಿ ಒಬ್ಬರಿಗೆ ಎರಡೇ ಗ್ಲಾಸು, ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿ ಕೊಡಬೇಕು ಅಂತ. ಡ್ಯೂಟಿ ಫ್ರೀಯಲ್ಲಿ ಚಾಕೊಲೇಟ್ ತೆಗೆದುಕೊಂಡರೂ ಪಾಸ್ ಕೇಳುತ್ತಾರಲ್ಲ, ಹಾಗೆ. ನಮ್ಮಲ್ಲೂ ಮಾಡಬಹುದು. ವಿಮಾನ ತಡವಾದ ದಿನ ನೋಡಬೇಕು ನೀವು. ಮೂರು ಗಂಟೆ ತಡ ಅಂತ ಬೋರ್ಡು ಬಂದರೆ ಕೆಲವರು ಸೀದಾ ಎದ್ದು ಅತ್ತ ಹೋಗುತ್ತಾರೆ. ಅಂಥ ದಿನ ನಮಗೆ ಕೈಕಾಲು ನಡುಗುತ್ತಿತ್ತು.

ಕದ್ರಾ_ಡ್ಯಾಂ:
ಎರಡು ಗ್ಲಾಸು ಅಂದರೆ ಕುಡಿಯದ ಗೆಳೆಯನ ಪಾಸೂ ಸೇರಿ ನಾಲ್ಕು. ಅಮ್ಮನನ್ನೂ ಕರೆದುಕೊಂಡು ಹೋದರೆ ಆರು.

ಅಂಕೋಲಾ_ಶಿಪ್ಪಿ:
ನಗಬೇಡಿ, ಸೊಸೈಟಿಯಲ್ಲಿ ಸೀಮೆಎಣ್ಣೆ ಹಾಗೇ ಅಲ್ವಾ ತರುತ್ತಿದ್ದದ್ದು? ಪಕ್ಕದ ಮನೆ ಕಾರ್ಡು ಹಿಡಿದುಕೊಂಡು.

ಕಾಳಿ_ದಂಡೆ, ಕಾರವಾರ:
ಶಾಲ್ಮಲಾ ಅವರೇ, ನಾನು ಈಗ ದೂರು ಕೊಟ್ಟರೆ ಏನಾದರೂ ಆಗುತ್ತದಾ? ಅವನನ್ನು ಜೈಲಿಗೆ ಹಾಕಬೇಕು ಅಂತ ಇಲ್ಲ.

ಶಾಲ್ಮಲಾ, ಶಿರಸಿ:
ನಿಯಮ ಇದೆ. ಗಲಾಟೆಗೆ ಮೂರು ಹಂತ ಮಾಡಿದ್ದಾರೆ. ಬಾಯಿ ಗಲಾಟೆ, ಕುಡಿದು ಅಸಭ್ಯ ವರ್ತನೆ ಮೊದಲನೆಯದು, ಮೂರು ತಿಂಗಳವರೆಗೆ ಹಾರಾಟ ನಿಷೇಧ. ಕೈ ಮಾಡಿದರೆ ಎರಡನೆಯದು, ಆರು ತಿಂಗಳವರೆಗೆ. ಜೀವಕ್ಕೆ ಅಪಾಯ ಆಗುವಂಥದ್ದು ಮೂರನೆಯದು, ಕಡಿಮೆ ಅಂದರೂ ಎರಡು ವರ್ಷ. ಆದರೆ ಅದು ಶುರುವಾಗುವುದು ಆ ವಿಮಾನದ ಕ್ಯಾಪ್ಟನ್ ಬರೆದುಕೊಟ್ಟ ದೂರಿನಿಂದ. ಆಮೇಲೆ ಕಂಪನಿಯ ಸಮಿತಿ, ಅದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, 30 ದಿನದಲ್ಲಿ ತೀರ್ಮಾನ. ವಾಂತಿ ಆದಾಗಲೇ ಕ್ಯಾಬಿನ್ ಸಿಬ್ಬಂದಿಗೆ "ಕ್ಯಾಪ್ಟನ್‌ಗೆ ತಿಳಿಸಿ, ಬರೆದುಕೊಳ್ಳಿ" ಅಂತ ನೀವು ಹೇಳಬೇಕಿತ್ತು. ಈಗ ಕಂಪನಿಗೆ ಬರೆಯಿರಿ, ಸೀರೆ ತೊಳೆಸಿದ ಖರ್ಚಾದರೂ ಕೇಳಿ.

ಕಾಳಿ_ದಂಡೆ, ಕಾರವಾರ:
ಬರೆದಿದ್ದೆ. "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ" ಅಂತ ಉತ್ತರ ಬಂತು.

ನಾನು ಶುರು ಮಾಡುವಾಗ ಪೂರ್ತಿ ಬಂದ್ ಅಂತಲೇ ಇದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ. ಆದರೆ ಬಾರ್ ವಿಷಯದಲ್ಲಿ ಮಾತ್ರ ನಾನು ಬದಲಾಗಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬಾರ್ ಯಾಕೆ ತೆಗೆದಿರಬೇಕು ಹೇಳಿ ನೋಡೋಣ.

ಗೋಕರ್ಣ_ಹೋಮ್‌ಸ್ಟೇ:
ಅಮೆರಿಕದಿಂದ ಬಂದವನಿಗೆ ಅದು ರಾತ್ರಿ.

ಕುಮಟಾ_ಮಾಸ್ತರ್:
ಅವನು ಅಮೆರಿಕದಲ್ಲೇ ಕುಡಿಯಲಿ. ನಾಳೆ ಅಂಕೋಲಾದ ಅಲಗೇರಿಯಲ್ಲಿ ನಮ್ಮ ಏರ್‌ಪೋರ್ಟ್ ಆಗುತ್ತದಲ್ಲ, ಅಲ್ಲಿಂದಲೇ ಶುರು ಮಾಡೋಣ. ಬಾರ್ ಇಲ್ಲದ ಏರ್‌ಪೋರ್ಟ್. ಕೋಕಂ ಶರಬತ್ತು, ಎಳನೀರು ಇಡಲಿ.

ಅಂಕೋಲಾ_ಶಿಪ್ಪಿ:
ಮಾಸ್ತ್ರೇ, ಮೊದಲು ಜಾಗ ಕೊಟ್ಟವರಿಗೆ ದುಡ್ಡು ಸರಿಯಾಗಿ ಕೈಸೇರಲಿ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟವರ ಮನೆಯವರಿಗೆ ಅದರ ರುಚಿ ಗೊತ್ತು. ಶರಬತ್ತು ಆಮೇಲೆ.

ಹೊನ್ನಾವರ_ಸಿಸ್ಟರ್:
ಕಾಳಿ ದಂಡೆಯವರೇ, ಅಮ್ಮ ಹೇಗಿದ್ದಾರೆ ಈಗ? ವಾಪಸ್ ಬಂದರಾ?

ಕಾಳಿ_ದಂಡೆ, ಕಾರವಾರ:
ಬಂದರು ಸಿಸ್ಟರ್, ಆರಾಮಿದ್ದಾರೆ. ಹಠ ಮಾಡಿ ಮಂಗಳಾ ಎಕ್ಸ್‌ಪ್ರೆಸ್ಸಲ್ಲಿ ಬಂದರು. ಮಡಗಾಂವ್‌ನಲ್ಲಿ ಹತ್ತಿದ ಇಬ್ಬರು ಎದುರಿನ ಸೀಟಿನ ಕೆಳಗೆ ಒಂದು ಭಾರದ ಚೀಲ ತಳ್ಳಿದರಂತೆ, ಕಾರವಾರ ಬರುವ ತನಕ ಅದರೊಳಗೆ ಗ್ಲಾಸು ತಾಗುವ ಸದ್ದು. ಅಮ್ಮ ಏನೂ ಕೇಳಲಿಲ್ಲ, "ಅವರು ವಾಂತಿ ಮಾಡ್ಲಿಲ್ಲ" ಅಂದರು. ಈಗ ತಂಗಿಗೆ ಇನ್ನೊಂದು ಬಾಟಲಿ ಉಪ್ಪಿನಕಾಯಿ ಕಳಿಸಬೇಕು, ಮುಂದಿನ ತಿಂಗಳು ನಾನು ಹೋಗುತ್ತೇನೆ. ಚೆಕ್-ಇನ್ ಬ್ಯಾಗಲ್ಲಿ ಹಾಕಬಹುದಾ?

ಶಾಲ್ಮಲಾ, ಶಿರಸಿ:
ಹಾಕಬಹುದು. ಅದೇ ಬ್ಯಾಗಲ್ಲಿ ಸೀಲ್ ಒಡೆಯದ ಫೆನ್ನಿ ಬಾಟಲಿಯೂ ಹೋಗುತ್ತದೆ, ಒಬ್ಬರಿಗೆ ಐದು ಲೀಟರ್ ತನಕ, ಅದು ಬೇರೆ ಮಾತು. ಉಪ್ಪಿನಕಾಯಿಗೆ ಗಾಜಿನ ಬಾಟಲಿ ಬೇಡ. ಸ್ಟೀಲಿನ ಡಬ್ಬಿಗೆ ಹಾಕಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಸುತ್ತ ಟೇಪ್. ಮೇಲಿಂದ ಹಳೆ ಟವೆಲ್ ಸುತ್ತಿ ಬಟ್ಟೆಗಳ ನಡುವೆ ಇಡಿ. ಡಬ್ಬಿ ಪೂರ್ತಿ ತುಂಬಿಸಬೇಡಿ, ಮೇಲೆ ಎರಡು ಬೆರಳು ಖಾಲಿ ಬಿಡಿ. ಇಲ್ಲದಿದ್ದರೆ ಎಣ್ಣೆ ಹೊರಗೆ ಬಂದು ಮಗುವಿನ ಬಟ್ಟೆಗೆಲ್ಲ ಆಗುತ್ತದೆ.